ಸಹಿ ಹಾಕುವ ಮೊದಲು

ಸಣ್ಣ ಊರುಗಳಲ್ಲಿ ಚುರುಕು ಮಕ್ಕಳನ್ನು ಬೆಳೆಸುತ್ತಿರುವ ಅಪ್ಪ ಅಮ್ಮಂದಿರಿಗೆ,



ಏಪ್ರಿಲ್ ಬಂತೆಂದರೆ ನಿಮಗೆ ಫೋನು ಬರುತ್ತದೆ. ನಂಬರು ಅವರಿಗೆ ಹೇಗೆ ಸಿಕ್ಕಿತೆಂದು ತಲೆ ಕೆಡಿಸಿಕೊಳ್ಳಬೇಡಿ. ಯಾವುದೋ ಉಚಿತ ‘ಪ್ರತಿಭಾ ಪರೀಕ್ಷೆ’ಯ ಅರ್ಜಿಯಲ್ಲಿ ನೀವೇ ಬರೆದುಕೊಟ್ಟಿರುತ್ತೀರಿ. ಆಮೇಲೆ ಇಸ್ತ್ರಿ ಅಂಗಿಯ ಹುಡುಗನೊಬ್ಬ ಮನೆಗೇ ಬರುತ್ತಾನೆ. ಟ್ಯಾಬ್ಲೆಟ್ ತೆರೆದು ನಿಮ್ಮ ಮಗುವಿಗೆ ನಾಲ್ಕು ಪ್ರಶ್ನೆ ಕೇಳುತ್ತಾನೆ. ಮೂರಕ್ಕೆ ಸರಿಯುತ್ತರ ಬಂದಾಗ ಕಣ್ಣರಳಿಸುತ್ತಾನೆ, ನಾಲ್ಕನೆಯದು ತಪ್ಪಿದಾಗ ನಿಟ್ಟುಸಿರು ಬಿಡುತ್ತಾನೆ. “ಇಷ್ಟು ಬ್ರಿಲಿಯೆಂಟ್ ಮಗು, ಫೌಂಡೇಷನ್ ಒಂದು ಇಲ್ಲ ನೋಡಿ ಸಾರ್.” ಆ ಮೆಚ್ಚುಗೆ, ಆ ನಿಟ್ಟುಸಿರು ಎರಡೂ ಅವನಿಗೆ ತರಬೇತಿಯಲ್ಲಿ ಹೇಳಿಕೊಟ್ಟದ್ದು. ಅವನ ಮೇಲೆ ನನಗೇನೂ ಸಿಟ್ಟಿಲ್ಲ. ತಿಂಗಳ ಟಾರ್ಗೆಟ್ ಮುಟ್ಟದಿದ್ದರೆ ಕತ್ತರಿ ಬೀಳುವುದು ಅವನ ಸಂಬಳಕ್ಕೆ.

ಆದರೆ ಅವನು ಮುಂದಿಡುವ ಕಾಗದವನ್ನು ಓದಿ. ನೀವು ಶುಲ್ಕ ಅಂದುಕೊಂಡದ್ದು ಅನೇಕ ಸಲ ಸಾಲವಾಗಿರುತ್ತದೆ. ಸಾಲ ಕೊಡುವವರು ಪಾಠ ಹೇಳುವ ಕಂಪನಿಯವರಲ್ಲ, ನೀವು ಹೆಸರೇ ಕೇಳಿರದ ಯಾವುದೋ ಹಣಕಾಸು ಸಂಸ್ಥೆಯವರು. ಮಗು ಆ ಕಂಪನಿಯ ಪಾಠದ ವಿಡಿಯೊ ನೋಡುವುದನ್ನು ನಿಲ್ಲಿಸಬಹುದು, ಕಂತು ನಿಲ್ಲುವುದಿಲ್ಲ. 2021ರ ಡಿಸೆಂಬರಿನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವೇ ಪಾಲಕರಿಗೆ ಎಚ್ಚರಿಕೆಯ ಪ್ರಕಟಣೆ ಹೊರಡಿಸಿ, ಖಾತೆಯಿಂದ ಹಣ ತಾನಾಗಿ ಕಡಿತವಾಗುವ ವ್ಯವಸ್ಥೆಗೆ ಒಪ್ಪಬೇಡಿ ಎಂದು ಹೇಳಬೇಕಾಯಿತು. ಸಚಿವಾಲಯವೇ ಬಾಯಿ ಬಿಟ್ಟಿದೆ ಎಂದರೆ ಆ ಹೊತ್ತಿಗೆ ಎಷ್ಟು ಮನೆಗಳಲ್ಲಿ ಸಹಿ ಬಿದ್ದಿರಬೇಕು, ನೀವೇ ಊಹಿಸಿ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ಆ ಕಂಪನಿಗಳನ್ನು ಬೈಯುವುದಕ್ಕೆಂದು ಈ ಪತ್ರ ಬರೆಯುತ್ತಿಲ್ಲ. ತನ್ನ ವಯಸ್ಸಿಗಿಂತ ಮುಂದೆ ಓಡುವ ಮಗುವೊಂದು ನಿಮ್ಮ ಮನೆಯಲ್ಲಿದ್ದರೆ ಅದಕ್ಕೆ ಬೇಕಾದದ್ದು ಬಹುಪಾಲು ಕೈಗೆಟಕುವ ಬೆಲೆಗೆ ಸಿಗುತ್ತದೆ, ಎಷ್ಟೋ ಸಲ ಬಿಟ್ಟಿಯಾಗಿಯೇ ಸಿಗುತ್ತದೆ. ನಿಮ್ಮ ಕಣ್ಣಿಗೆ ಅದು ಬೀಳದಿರುವುದು ಯಾಕೆಂದರೆ ಅದನ್ನು ಮನೆಬಾಗಿಲಿಗೆ ತಂದು ಮಾರಿದರೆ ಯಾರಿಗೂ ಕಮಿಷನ್ ಹುಟ್ಟುವುದಿಲ್ಲ.

ಚುರುಕು ಮಗು ಎಂದರೆ ಯಾವ ಮಗು? ಅಂಕಪಟ್ಟಿ ನೋಡಿ ಹೇಳಲಾಗದು. ತರಗತಿಗೆ ಮೊದಲು ಬರುವ ಮಕ್ಕಳಲ್ಲಿ ಅನೇಕರು ಶ್ರದ್ಧೆಯವರು, ಬರವಣಿಗೆ ಚೆಂದ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವರು. ಅದೂ ದೊಡ್ಡ ಗುಣವೇ. ನಾನು ಹೇಳುತ್ತಿರುವ ಮಗು ಬೇರೆ. ಅದು ಲೆಕ್ಕದ ಉತ್ತರ ಮಾತ್ರ ಬರೆದು ಹಂತಗಳನ್ನು ಬಿಟ್ಟು ಅಂಕ ಕಳೆದುಕೊಳ್ಳುತ್ತದೆ. ಪಾಠದ ಮಧ್ಯೆ ಎದ್ದು “ಹಾಗಾದರೆ ಚಂದ್ರ ಯಾಕೆ ಬೀಳುವುದಿಲ್ಲ ಸಾರ್?” ಎನ್ನುತ್ತದೆ. ಹದಿನೈದು ನಿಮಿಷಕ್ಕೆ ಕೆಲಸ ಮುಗಿಸಿ ಪಕ್ಕದವನ ಕೊರಳಪಟ್ಟಿಗೆ ಇಂಕು ಹಚ್ಚಿ ಒದೆ ತಿನ್ನುತ್ತದೆ. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಬೇಜಾರಾದರೆ ಆಗಲಿ. ಈ ಲಕ್ಷಣ ಮಗನಲ್ಲಿ ಕಂಡರೆ ನೀವು ಸಾಲ ಮಾಡಲೂ ಸಿದ್ಧ. ಮಗಳಲ್ಲಿ ಕಂಡರೆ “ಬಾಯಿ ಜಾಸ್ತಿ” ಅನ್ನುತ್ತೀರಿ. ಇದನ್ನು ನಾನು ನೂರಾರು ಪಾಲಕರ ಸಭೆಗಳಲ್ಲಿ ಕೇಳಿದ್ದೇನೆ.

ಇಂಥ ಮಗುವಿಗೆ ಮಾರಾಟದ ಹುಡುಗ ಕೊಡಲು ಬರುವುದು ಮುಂದಿನ ತರಗತಿಯ ಪಾಠ. ಆರನೆಯ ತರಗತಿಯವನಿಗೆ ಎಂಟರದ್ದು, ಎಂಟರವಳಿಗೆ ಹನ್ನೊಂದರದ್ದು. ಊಟ ಮುಗಿಸಿದ ಮಗುವಿಗೆ ನಾಳೆಯ ಊಟವನ್ನು ಇವತ್ತೇ ಬಡಿಸಿದ ಹಾಗೆ ಇದು: ನಾಳೆ ಅದೇ ಸಾರು ತಟ್ಟೆಗೆ ಬಿದ್ದಾಗ ಹಸಿವೂ ಇರುವುದಿಲ್ಲ, ರುಚಿಯೂ ಇರುವುದಿಲ್ಲ. ಶಾಲೆಯಲ್ಲಿ ಆ ಮಗುವಿಗೆ ಮೊದಲಿಗಿಂತ ಇಮ್ಮಡಿ ಬೇಸರ. ಅದಕ್ಕೆ ಬೇಕಾದದ್ದು ಅದೇ ವಯಸ್ಸಿನ ಗಣಿತದಲ್ಲಿ, ಅದೇ ವಯಸ್ಸಿನ ಕನ್ನಡದಲ್ಲಿ ಇನ್ನಷ್ಟು ಆಳ. ಆಳಕ್ಕೆ ಬೆಲೆ ಕಡಿಮೆ, ಪರೀಕ್ಷೆಯಲ್ಲಿ ಅದನ್ನು ಕೇಳುವುದಿಲ್ಲವಲ್ಲ.

ಉದಾಹರಣೆಗೆ ಕಾಪ್ರೇಕರ್ ಎಂಬ ಮೇಷ್ಟ್ರ ಕತೆ ಹೇಳುತ್ತೇನೆ. ಮಹಾರಾಷ್ಟ್ರದ ನಾಸಿಕದ ಹತ್ತಿರ ದೇವಳಾಲಿ ಎಂಬ ಊರಿನಲ್ಲಿ ಶಾಲಾ ಮೇಷ್ಟ್ರಾಗಿದ್ದವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ಸ್ನಾತಕೋತ್ತರ ಪದವಿ ಇರಲಿಲ್ಲ, ವಿಶ್ವವಿದ್ಯಾಲಯದ ಹುದ್ದೆ ಇರಲಿಲ್ಲ. 1949ರಲ್ಲಿ ಅವರು ಒಂದು ವಿಚಿತ್ರ ಕಂಡುಕೊಂಡರು. ಯಾವುದಾದರೂ ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಷ್ಟೆ. ನಮ್ಮ ರಾಜ್ಯ ಒಂದಾದ ವರ್ಷವನ್ನೇ ಹಿಡಿಯಿರಿ, 1956. ಅದರ ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ 9651, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ 1569. ಕಳೆಯಿರಿ, 8082. ಮತ್ತೆ ಅದನ್ನೇ ಮಾಡಿ: 8820ರಲ್ಲಿ 0288 ಕಳೆದರೆ 8532. ಮತ್ತೊಮ್ಮೆ: 8532ರಲ್ಲಿ 2358 ಕಳೆದರೆ 6174. ಇನ್ನೊಮ್ಮೆ ಮಾಡಿದರೆ 7641ರಲ್ಲಿ 1467 ಕಳೆದು ಮತ್ತೆ ಅದೇ 6174. ಬೇರೆ ಸಂಖ್ಯೆ ಹಿಡಿದರೂ ಅಷ್ಟೆ, ಹೆಚ್ಚೆಂದರೆ ಏಳು ಹಂತಗಳಲ್ಲಿ 6174ಕ್ಕೇ ಬಂದು ನಿಲ್ಲುತ್ತೀರಿ.

ಇದನ್ನು ಐದನೆಯ ತರಗತಿಯ ಮಗುವಿಗೆ ಕೊಟ್ಟು ನೋಡಿ. ಬೇಕಾದದ್ದು ಹಳೇ ಕ್ಯಾಲೆಂಡರಿನ ಬೆನ್ನು, ಒಂದು ಪೆನ್ಸಿಲ್. ಶಾಲೆಯಲ್ಲಿ ಹತ್ತು ಕಳೆಯುವ ಲೆಕ್ಕ ಕೊಟ್ಟರೆ ಗೊಣಗುವ ಮಗು ಇಲ್ಲಿ ಐವತ್ತು ಕಳೆಯುತ್ತದೆ, ಯಾರೂ ಹೇಳದಿದ್ದರೂ. ಆಮೇಲೆ ಪ್ರಶ್ನೆಗಳು ಒಂದರ ಬಾಲ ಹಿಡಿದು ಒಂದು ಬರುತ್ತವೆ. ಮೂರಂಕಿಯಲ್ಲೂ ಹೀಗೆ ಆಗುತ್ತದೆಯೇ? ಆಗುತ್ತದೆ, 495 ಬರುತ್ತದೆ. ಎರಡಂಕಿಯಲ್ಲಿ? ಅದನ್ನು ನಾನು ಹೇಳುವುದಿಲ್ಲ. ಮಗುವೇ ಮಾಡಿ ನೋಡಲಿ, ಅಲ್ಲಿ ಬೇರೆಯೇ ತಮಾಷೆ ಇದೆ. ಪ್ರತಿ ಸಲವೂ ಬರುವ ಉತ್ತರ 9ರಿಂದ ಯಾಕೆ ಭಾಗವಾಗುತ್ತದೆ? ಎಂಟನೆಯ ತರಗತಿಯ ಬೀಜಗಣಿತ ಗೊತ್ತಿರುವ ಮಗು ಅಂಕಿಗಳಿಗೆ ಅಕ್ಷರ ಕೊಟ್ಟು ಬರೆದರೆ ಒಂದೇ ಸಾಲಿನಲ್ಲಿ ಕಾರಣ ಕಾಣಿಸುತ್ತದೆ. ಎನ್‌ಸಿಇಆರ್‌ಟಿಯವರು 2024ರಲ್ಲಿ ತಂದ ಆರನೆಯ ತರಗತಿಯ ಗಣಿತ ಪುಸ್ತಕದಲ್ಲೂ ಈ ಆಟ ಇದೆ. ಆ ಪುಸ್ತಕಗಳನ್ನೆಲ್ಲ ಅವರ ಜಾಲತಾಣದಿಂದ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ‘ಎಕ್ಸೆಂಪ್ಲರ್’ ಎಂಬ ಕಷ್ಟದ ಲೆಕ್ಕಗಳ ಸಂಪುಟಗಳೂ ಅಲ್ಲೇ ಇವೆ. ರಾಜ್ಯ ಪಠ್ಯಕ್ರಮದ ಮಗುವಿಗೆ ಆಳಕ್ಕಿಳಿಯಲು ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ಗಣಿತವೇ ಆಗಬೇಕೆಂದಿಲ್ಲ. ಮಾತಿನಲ್ಲಿ, ಪದಗಳಲ್ಲಿ ಚುರುಕಾದ ಮಕ್ಕಳನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅವರಿಗೆ ಮಾರುವುದಕ್ಕೆ ಕೋರ್ಸು ಇಲ್ಲವಾದ್ದರಿಂದ. ನಿಮ್ಮ ಮಗಳು ಪ್ರೌಢಶಾಲೆಯಲ್ಲಿ ಲಘು, ಗುರು, ಮಾತ್ರೆ ಎಂದು ಛಂದಸ್ಸಿನ ಪಾಠ ಓದುತ್ತಾಳೆ. ಪರೀಕ್ಷೆಗೆ ಪ್ರಸ್ತಾರ ಹಾಕಿ ಗಣ ವಿಂಗಡಿಸಿದರೆ ಮೂರು ಅಂಕ, ಮುಗಿಯಿತು. ಅವಳಿಗೆ ಒಂದು ಪ್ರಶ್ನೆ ಹಾಕಿ: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಹಾಗಾದರೆ ಮೂರು ಮಾತ್ರೆಯ ಗಣ ಎಷ್ಟು ಬಗೆಯಲ್ಲಿ ಬರಬಹುದು? ಬರೆದು ನೋಡಿದರೆ ಮೂರು. ನಾಲ್ಕು ಮಾತ್ರೆಯದು? ಗುರು ಗುರು, ಗುರು ಲಘು ಲಘು, ಲಘು ಗುರು ಲಘು, ಲಘು ಲಘು ಗುರು, ನಾಲ್ಕೂ ಲಘು. ಒಟ್ಟು ಐದು. ಐದು ಮಾತ್ರೆಯದು ಎಂಟು. ಆರಕ್ಕೆ ಹದಿಮೂರು. ಒಂದು, ಎರಡು, ಮೂರು, ಐದು, ಎಂಟು, ಹದಿಮೂರು: ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಯಾಕೆ? ಗಣ ಮುಗಿಯುವುದು ಲಘುವಿನಲ್ಲಿ ಇಲ್ಲವೇ ಗುರುವಿನಲ್ಲಿ, ಮೂರನೆಯ ದಾರಿಯಿಲ್ಲ. ಲಘುವಿನಲ್ಲಿ ಮುಗಿದರೆ ಅದರ ಹಿಂದಿರುವುದು ಒಂದು ಮಾತ್ರೆ ಕಡಿಮೆಯದು, ಗುರುವಿನಲ್ಲಿ ಮುಗಿದರೆ ಎರಡು ಮಾತ್ರೆ ಕಡಿಮೆಯದು. ಇಷ್ಟನ್ನು ಅವಳೇ ಕಂಡುಕೊಂಡರೆ ಆ ಮಧ್ಯಾಹ್ನ ಮನೆಯಲ್ಲಿ ಬೇರೆ ಮಾತು ಇರುವುದಿಲ್ಲ.

ಇಡೀ ಜಗತ್ತು ಈ ಸಂಖ್ಯೆಗಳನ್ನು ಫಿಬೊನಾಚಿಯ ಹೆಸರಿನಲ್ಲಿ ಕರೆಯುತ್ತದೆ. ಅವನ ಪುಸ್ತಕ ಬಂದದ್ದು 1202ರಲ್ಲಿ. ವಿರಹಾಂಕ, ಹೇಮಚಂದ್ರ ಮೊದಲಾದ ನಮ್ಮ ಛಂದಶ್ಶಾಸ್ತ್ರಜ್ಞರು ಅದಕ್ಕೂ ಮೊದಲೇ ಮಾತ್ರೆ ಎಣಿಸುತ್ತಾ ಇದನ್ನು ಕಂಡಿದ್ದರು. ಕನ್ನಡ ಮಾಧ್ಯಮದ ಮಗುವಿಗೆ ‘ನಿನ್ನ ಹತ್ತಿರ ಏನಿಲ್ಲ’ ಎಂದು ಹೇಳುವವರೇ ಎಲ್ಲರೂ. ಇದು ಅವಳ ಕನ್ನಡ ವ್ಯಾಕರಣದ ಪುಸ್ತಕದಲ್ಲಿಯೇ ಕೂತಿದೆ. ಕ್ರಿ.ಶ. ಹತ್ತನೆಯ ಶತಮಾನದ ನಾಗವರ್ಮನ ‘ಛಂದೋಂಬುಧಿ’ ಎಂಬ ಹೆಸರನ್ನೂ ಅವಳು ಬಾಯಿಪಾಠ ಮಾಡಿರುತ್ತಾಳೆ, ಒಂದು ಅಂಕದ ಪ್ರಶ್ನೆಗೆಂದು.

ಎರಡೂ ಉದಾಹರಣೆಗಳಲ್ಲಿ ಪ್ರಶ್ನೆ ಚಿಕ್ಕದು, ಕೆಲಸವೆಲ್ಲ ಮಗುವಿನದು. ದುಡ್ಡಿಗೆ ಬರುವ ವಿಡಿಯೊದಲ್ಲಿ ಇದು ತಿರುಗುಮುರುಗು. ಪ್ರಶ್ನೆ ಬಂದ ಎರಡು ನಿಮಿಷಕ್ಕೆ ಬಣ್ಣಬಣ್ಣದ ಚಿತ್ರದೊಂದಿಗೆ ಉತ್ತರ ಬಂದುಬಿಡುತ್ತದೆ, ಮಗುವಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಇಲ್ಲಿ ರಾಮಾನುಜನ್ ಕತೆಯನ್ನು ಸ್ವಲ್ಪ ಬೇರೆ ರೀತಿಯಲ್ಲಿ ನೆನಪಿಸಿಕೊಳ್ಳಬೇಕು. ಕುಂಭಕೋಣದ ಆ ಹುಡುಗನ ಕೈಗೆ 1903ರ ಸುಮಾರಿಗೆ ಬಂದ ಪುಸ್ತಕ ಜಾರ್ಜ್ ಕಾರ್ ಎಂಬವನದು. ಕಾರ್ ದೊಡ್ಡ ಗಣಿತಜ್ಞನೇನಲ್ಲ, ಕೇಂಬ್ರಿಜ್ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುತ್ತಿದ್ದ ಟ್ಯೂಷನ್ ಮೇಷ್ಟ್ರು. ಪುಸ್ತಕವೂ ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದು ಗೈಡು. ಸಾವಿರಾರು ಸೂತ್ರಗಳು ಸಾಲಾಗಿ ಇದ್ದವು, ಸಾಧನೆ ಮಾತ್ರ ಬಹಳ ಕಡೆ ಇರಲೇ ಇಲ್ಲ. ಹುಡುಗ ಆ ಖಾಲಿ ಜಾಗಗಳನ್ನು ತಾನೇ ತುಂಬುತ್ತಾ ಹೋದ, ಸ್ಲೇಟಿನ ಮೇಲೆ, ಕಾಗದ ದುಬಾರಿಯಾಗಿತ್ತೆಂದು. ಗೈಡು ಎಂದ ಮಾತ್ರಕ್ಕೆ ಮೂಗು ಮುರಿಯಬೇಡಿ ಎಂದು ಇದನ್ನು ಹೇಳುತ್ತಿದ್ದೇನೆ. ಹಳೇ ಪುಸ್ತಕದಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಸಿಗುವ, ಹಿಂದಿನ ಪುಟಗಳು ಕಿತ್ತು ಉತ್ತರಗಳೇ ಇಲ್ಲದ ಲೆಕ್ಕದ ಪುಸ್ತಕ ಚುರುಕು ಮಗುವಿಗೆ ಒಳ್ಳೆಯ ಕೊಡುಗೆ. ಉತ್ತರ ಸರಿಯೇ ಎಂದು ತಿಳಿಯಲು ಅದು ಬೇರೆ ದಾರಿಯಿಂದ ಮತ್ತೊಮ್ಮೆ ಮಾಡಬೇಕಾಗುತ್ತದೆ.

ಇನ್ನು ಗ್ರಂಥಾಲಯ. ನಿಮ್ಮ ಮನೆಯ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಎಂಬ ಒಂದು ಸಾಲು ಇರುತ್ತದೆ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ತೆರಿಗೆಯ ಮೇಲೆ ಶೇಕಡ 6ರಷ್ಟು ನೀವು ಕಟ್ಟುತ್ತೀರಿ. ಅಂದರೆ ನೀವು ಆಗಲೇ ಚಂದಾದಾರರು, ಪುಸ್ತಕ ತರಲು ಹೋಗುವುದೊಂದೇ ಬಾಕಿ. ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಇದೆ, ಈಗ ಅದರ ಹೆಸರು ಅರಿವು ಕೇಂದ್ರ. ಇವನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಿದ ಮೇಲೆ, 2020ರ ಮಕ್ಕಳ ದಿನಾಚರಣೆಯಂದು ‘ಓದುವ ಬೆಳಕು’ ಎಂಬ ಅಭಿಯಾನ ಶುರುವಾಗಿ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಎಲ್ಲ ಕೇಂದ್ರಗಳೂ ಚೆನ್ನಾಗಿಲ್ಲ, ಒಪ್ಪುತ್ತೇನೆ. ಕೆಲವು ಕಡೆ ಬೀಗ, ಕೆಲವು ಕಡೆ ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರದೇ ರಾಜ್ಯ. ಆದರೆ ಕೇಳುವವರು ಇಲ್ಲದ ಕಡೆ ಬೀಗ ಬೀಳುವುದು ಸಹಜ.

ಅಲ್ಲಿ ಏನು ಹುಡುಕಬೇಕು? ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗೆಂದು ‘ಬಾಲಪ್ರಪಂಚ’ ಎಂಬ ಮೂರು ಸಂಪುಟ ತಂದರು, ಆಮೇಲೆ ‘ವಿಜ್ಞಾನ ಪ್ರಪಂಚ’ ಎಂದು ನಾಲ್ಕು. ನಿರಂಜನರು ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಸಂಪಾದಿಸಿದರು. ಹಳೆಯ ಗ್ರಂಥಾಲಯಗಳ ಮೇಲಿನ ಕಪಾಟಿನಲ್ಲಿ ಇವು ಇನ್ನೂ ಸಿಗುತ್ತವೆ, ಏಣಿ ಕೇಳಿ. ಮಾಹಿತಿ ಹಳತಾಗಿದೆಯಲ್ಲ ಎನ್ನುತ್ತೀರಿ. ಹೌದು. ಆ ಕಾಲದ ಪುಸ್ತಕ ಏನು ಹೇಳುತ್ತದೆ, ಈಗ ಏನು ಗೊತ್ತಾಗಿದೆ ಎಂದು ಹೋಲಿಸುವುದೇ ಹನ್ನೆರಡು ವರ್ಷದ ಮಗುವಿಗೆ ಒಂದು ರಜೆಯ ಕೆಲಸ. ಗ್ರಹಗಳು ಒಂಬತ್ತು ಎಂದು ಬರೆದಿರುವುದನ್ನು ಕಂಡರೆ ಅದು ಕುಣಿಯುತ್ತದೆ. ಗಿಡಮರದ ಹುಚ್ಚಿದ್ದರೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೊಡಿ. ಸಸ್ಯಶಾಸ್ತ್ರದ ಪುಸ್ತಕ ಓದಿ ಹೊಟ್ಟೆ ಹಿಡಿದು ನಗುವುದು ಸಾಧ್ಯ ಎಂದು ಮಗುವಿಗೆ ತಿಳಿಯಲಿ. ಹುಳ, ಹಕ್ಕಿ, ಹಾವು ಎಂದರೆ ತೇಜಸ್ವಿಯವರ ‘ಪರಿಸರದ ಕತೆ’. ಈ ಪುಸ್ತಕಗಳ ಬೆಲೆ ಆ ಟ್ಯಾಬ್ಲೆಟಿನ ಒಂದು ತಿಂಗಳ ಕಂತಿನ ಹತ್ತಿರಕ್ಕೂ ಬರುವುದಿಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲವಿಜ್ಞಾನ’ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದೆ. ಹಳೆಯ ಸಂಚಿಕೆಗಳು ಯಾವುದಾದರೂ ಶಾಲೆಯ ಬೀರುವಿನಲ್ಲಿ ಕಟ್ಟು ಬಿಚ್ಚದೆ ಬಿದ್ದಿದ್ದರೆ ಆಶ್ಚರ್ಯವಿಲ್ಲ.

ಕೈಗೆ ಕೆಲಸ ಬೇಡುವ ಮಕ್ಕಳು ಇನ್ನೊಂದು ಬಗೆ. ಐಐಟಿ ಕಾನ್ಪುರದಲ್ಲಿ ಎಂಜಿನಿಯರಿಂಗ್ ಓದಿದ ಅರವಿಂದ ಗುಪ್ತ ಎಂಬವರು ಲಾರಿ ಕಾರ್ಖಾನೆಯ ಕೆಲಸ ಬಿಟ್ಟು, ಬದುಕಿಡೀ ಕಸದಿಂದ ಆಟಿಕೆ ಮಾಡುವುದನ್ನು ಮಕ್ಕಳಿಗೆ ಹೇಳಿಕೊಟ್ಟರು. 2018ರಲ್ಲಿ ಪದ್ಮಶ್ರೀ ಬಂತು. ಅವರ ಜಾಲತಾಣದಲ್ಲಿ ಸಾವಿರಾರು ಪುಸ್ತಕಗಳೂ ಆಟಿಕೆಗಳ ವಿಡಿಯೊಗಳೂ ಬಿಟ್ಟಿ ಇವೆ, ಕನ್ನಡದಲ್ಲಿಯೂ ಇವೆ. ಅವರ ಹಳೆಯದೊಂದು ಕೆಲಸಕ್ಕೆ ಬೇಕಾಗುವುದು ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬಿನ ಚೂರು. ಕಡ್ಡಿಗಳ ತುದಿಯನ್ನು ಟ್ಯೂಬಿನ ಚೂರಿಗೆ ಸಿಕ್ಕಿಸಿ ಚೌಕ ಮಾಡಿದರೆ ಅದು ವಾಲಾಡುತ್ತದೆ. ತ್ರಿಕೋನ ಮಾಡಿದರೆ ಗಟ್ಟಿ ನಿಲ್ಲುತ್ತದೆ. ಇದಾದ ಮೇಲೆ ಮಗುವನ್ನು ಊರಿನ ಹಳೇ ಕಬ್ಬಿಣದ ಸೇತುವೆ, ಟವರ್, ಗೋದಾಮಿನ ಚಾವಣಿ ನೋಡಲು ಬಿಡಿ. ಎಲ್ಲೆಲ್ಲೂ ತ್ರಿಕೋನ ಕಾಣಿಸುತ್ತದೆ. ಮೂರು ಬಾಹುಗಳ ಉದ್ದ ಗೊತ್ತಿದ್ದರೆ ತ್ರಿಕೋನ ಒಂದೇ ಎಂಬ ಪ್ರಮೇಯವನ್ನು ಆಮೇಲೆ ಯಾವ ಮೇಷ್ಟ್ರೂ ಅದಕ್ಕೆ ಉರುಹೊಡೆಸಬೇಕಾಗಿಲ್ಲ.

ಮಳೆಗಾಲ ಬಂದರೆ ಮಳೆ ಅಳೆಯಲಿ. ಬುಡದಿಂದ ಬಾಯವರೆಗೂ ಒಂದೇ ಅಗಲವಿರುವ ಡಬ್ಬಿ, ಒಂದು ಸ್ಕೇಲು ಸಾಕು. ಅಂಗಳದಲ್ಲಿ ಮರದ ನೆರಳಿಲ್ಲದ ಕಡೆ ಇಟ್ಟು ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಓದಬೇಕು. ಡಬ್ಬಿ ಸಣ್ಣದಿದ್ದರೂ ದೊಡ್ಡದಿದ್ದರೂ ನೀರಿನ ಎತ್ತರ ಒಂದೇ ಬರುತ್ತದೆ, ಯಾಕೆ ಎಂಬುದೇ ಮೊದಲ ಪ್ರಶ್ನೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲದ ನಿಮ್ಮ ತಾರಸಿಯ ಮೇಲೆ ಇಪ್ಪತ್ತು ಮಿಲಿಮೀಟರ್ ಸುರಿದರೆ ಸಾವಿರದ ಇನ್ನೂರು ಲೀಟರ್. ಟ್ಯಾಂಕರಿಗೆ ಎಷ್ಟು ಕೊಡುತ್ತೀರಿ ಎಂದು ಮಗು ಕೇಳಿದರೆ ಉತ್ತರ ಸಿದ್ಧವಿಟ್ಟುಕೊಳ್ಳಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೇ ಮಳೆಮಾಪಕ ಇಟ್ಟು ದಿನದಿನದ ಅಂಕಿಅಂಶ ಪ್ರಕಟಿಸುತ್ತಾರೆ. ತನ್ನ ಡಬ್ಬಿಯ ಲೆಕ್ಕವನ್ನು ಸರ್ಕಾರದ ಲೆಕ್ಕದ ಪಕ್ಕ ಬರೆದು, ಎರಡೂ ಒಂದೇ ಇಲ್ಲದಾಗ ತಪ್ಪು ಯಾರದೆಂದು ಯೋಚಿಸುವ ಮಗು ವಿಜ್ಞಾನ ಕಲಿಯುತ್ತಿದೆ. ಮನೆಯಲ್ಲಿ ಅಜ್ಜಿ ಇದ್ದರೆ ಅಟ್ಟದಿಂದ ಚನ್ನೆಮಣೆ ಇಳಿಸಿ. ಹದಿನಾಲ್ಕು ಗುಳಿ, ಒಂದು ಹಿಡಿ ಹುಣಸೆ ಬೀಜ ಅಥವಾ ಮಂಜೊಟ್ಟಿ. ಯಾವ ಗುಳಿಯಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆ ಎಂದು ನಾಲ್ಕು ನಡೆ ಮುಂಚೆಯೇ ಎಣಿಸುವ ಅಜ್ಜಿಯ ಮುಂದೆ ನಿಮ್ಮ ಒಲಿಂಪಿಯಾಡ್ ಮಗು ಸೋಲಲಿ ಸ್ವಲ್ಪ.

ಮೊಬೈಲಿನ ವಿಷಯ ಬೇಗ ಮುಗಿಸುತ್ತೇನೆ, ಅದರ ಬಗ್ಗೆ ಎಲ್ಲರೂ ಬೇಕಾದಷ್ಟು ಬರೆದಿದ್ದಾರೆ. ಖಾನ್ ಅಕಾಡೆಮಿಯ ಪಾಠಗಳು ಕನ್ನಡದಲ್ಲೂ ಇವೆ, ಹಣವಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಚಿಕ್ಕ ಮಕ್ಕಳಿಗೆ ಕನ್ನಡದ ಚಿತ್ರಕತೆಗಳಿವೆ, ಅಚ್ಚು ಹಾಕಿಸಿಕೊಂಡರೂ ಯಾರೂ ಕೇಳುವುದಿಲ್ಲ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಎಂಬ ತಾಣದಲ್ಲಿ ವಿದ್ಯುತ್ ಮಂಡಲ, ಲೋಲಕ, ತಕ್ಕಡಿ ಎಲ್ಲವನ್ನೂ ಪರದೆಯ ಮೇಲೆಯೇ ಜೋಡಿಸಿ ನೋಡಬಹುದು. ಆಕಾಶಕ್ಕೆ ಸ್ಟೆಲೇರಿಯಂ. ನಿಮ್ಮ ಊರಿನ ಕತ್ತಲು ಬೆಂಗಳೂರಿನವರಿಗೆ ದುಡ್ಡು ಕೊಟ್ಟರೂ ಸಿಗದು. ಚದುರಂಗಕ್ಕೆ ಲಿಚೆಸ್, ಜಾಹೀರಾತೂ ಇಲ್ಲ, ಶುಲ್ಕವೂ ಇಲ್ಲ. ಇಷ್ಟು ಸಾಕು. ಇದಕ್ಕಿಂತ ಹೆಚ್ಚು ಆ್ಯಪ್ ಹಾಕಿಕೊಟ್ಟರೆ ಮಗು ಯಾವುದನ್ನೂ ಕೊನೆಯವರೆಗೆ ಮಾಡುವುದಿಲ್ಲ.

ಇಲ್ಲೊಂದು ನಿಜವಾದ ತೊಡಕಿದೆ. ಬಿಟ್ಟಿ ಸಿಗುವ ಒಳ್ಳೆಯದರಲ್ಲಿ ಹೆಚ್ಚಿನದು ಇಂಗ್ಲಿಷಿನಲ್ಲಿದೆ. ಅದಕ್ಕೆ ಮಗುವನ್ನು ಶಾಲೆಯಿಂದ ಕಿತ್ತು ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವುದು ನನ್ನ ಪ್ರಕಾರ ತಪ್ಪು ಮದ್ದು. ನಮ್ಮ ರಾಜ್ಯದ ಪಠ್ಯಪುಸ್ತಕಗಳು ಎರಡೂ ಮಾಧ್ಯಮದಲ್ಲಿ ಪಠ್ಯಪುಸ್ತಕ ಸಂಘದ ತಾಣದಲ್ಲಿ ಸಿಗುತ್ತವೆ. ಆಗಲೇ ಅರ್ಥವಾಗಿರುವ ಕನ್ನಡದ ಪಾಠವನ್ನು ಎಡಗಡೆ, ಅದೇ ಪಾಠದ ಇಂಗ್ಲಿಷನ್ನು ಬಲಗಡೆ ಇಟ್ಟುಕೊಂಡು ಓದಲಿ. ವಿಷಯ ಗೊತ್ತಿರುವ ಕಡೆ ಭಾಷೆ ಶ್ರಮವಿಲ್ಲದೆ ಬರುತ್ತದೆ. ವಿಷಯವೂ ಭಾಷೆಯೂ ಒಟ್ಟಿಗೆ ಹೊಸದಾದಾಗಲೇ ಮಗು ಬಾಯಿಪಾಠದ ಹಾದಿ ಹಿಡಿಯುವುದು. ಏಳನೆಯ ತರಗತಿಯಲ್ಲಿ ಹೀಗೆ ಶುರು ಮಾಡಿ ಒಂಬತ್ತರ ಹೊತ್ತಿಗೆ ಇಂಗ್ಲಿಷಿನ ಲೆಕ್ಕದ ಪುಸ್ತಕಗಳನ್ನು ತಾವೇ ಓದಿಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ.

ಪರೀಕ್ಷೆಗಳ ಬಗ್ಗೆ ಎರಡು ಮಾತು, ಯಾಕೆಂದರೆ ಇಲ್ಲಿ ದುಡ್ಡು ಹೋಗುವುದಷ್ಟೇ ಅಲ್ಲ, ಬರುವುದೂ ಉಂಟು. ಎಂಟನೆಯ ತರಗತಿಯಲ್ಲಿ ಎನ್‌ಎಂಎಂಎಸ್ ಎಂಬ ಪರೀಕ್ಷೆ ಇದೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ, ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಅರ್ಜಿ ಹೋಗಬೇಕಾದ್ದು ಶಾಲೆಯ ಮೂಲಕ, ಮುಖ್ಯಶಿಕ್ಷಕರು ಮರೆತರೆ ನೆನಪಿಸುವ ಕೆಲಸ ನಿಮ್ಮದು. ಐದನೆಯ ತರಗತಿಯಲ್ಲಿರುವಾಗ ನವೋದಯದ ಪರೀಕ್ಷೆ, ಕನ್ನಡದಲ್ಲೇ ಬರೆಯಬಹುದು. ಅಲ್ಲಿನ ನಾಲ್ಕರಲ್ಲಿ ಮೂರು ಸೀಟು ಗ್ರಾಮೀಣ ಮಕ್ಕಳಿಗೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ಆರನೆಯ ತರಗತಿಗೆ ಪ್ರವೇಶ ಪರೀಕ್ಷೆ ಇದೆ. ಇವಕ್ಕೆ ಹಳೆಯ ಪ್ರಶ್ನೆಪತ್ರಿಕೆ ಸಾಕು, ಪ್ಯಾಕೇಜು ಬೇಡ. ಒಲಿಂಪಿಯಾಡ್ ಎಂಬ ಹೆಸರಿಗೆ ಮಾತ್ರ ಮರುಳಾಗಬೇಡಿ. ಶಾಲೆಯಲ್ಲಿ ಶುಲ್ಕ ವಸೂಲಿ ಮಾಡಿ ಎಲ್ಲರ ಕೊರಳಿಗೂ ಪದಕ ಹಾಕುವ ಖಾಸಗಿ ಪರೀಕ್ಷೆಗಳೇ ಬೇರೆ, ಅಂತರರಾಷ್ಟ್ರೀಯ ಸ್ಪರ್ಧೆಗೆ ಭಾರತದ ತಂಡ ಆರಿಸುವ ದಾರಿಯೇ ಬೇರೆ. ಎರಡನೆಯದನ್ನು ನೋಡಿಕೊಳ್ಳುವುದು ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ. ಅಲ್ಲಿನ ಹಳೆಯ ಪ್ರಶ್ನೆಗಳು ಬಿಟ್ಟಿ ಸಿಗುತ್ತವೆ. ಒಂದು ಪ್ರಶ್ನೆಗೆ ಒಂದು ವಾರ ತಲೆ ಕೆರೆದುಕೊಂಡರೂ ನಷ್ಟವಿಲ್ಲ.

ಹಾಗಾದರೆ ದುಡ್ಡೇ ಬೇಡವೇ? ಬೇಕು. ಬಸ್ ಚಾರ್ಜಿಗೆ ಬೇಕು. ಕಲಬುರಗಿಯಲ್ಲಿ 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರ ಇದೆ, ಧಾರವಾಡದಲ್ಲೂ ವಿಜ್ಞಾನ ಕೇಂದ್ರ ಇದೆ, ಮಂಗಳೂರಿನ ಪಿಲಿಕುಳದಲ್ಲಿ ತಾರಾಲಯವೂ ಇದೆ. ಬೆಂಗಳೂರಿನ ನೆಹರೂ ತಾರಾಲಯ, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ನಿಮಗೆ ಗೊತ್ತೇ ಇವೆ. ವರ್ಷಕ್ಕೊಮ್ಮೆ ಮದುವೆಗೆಂದು ಆ ಕಡೆ ಹೋದಾಗ ಅರ್ಧ ದಿನ ಎತ್ತಿಡಿ. ಕಾಗದಕ್ಕೆ, ಒಳ್ಳೆಯ ನಿಘಂಟಿಗೆ, ಒಂದು ಭೂತಕನ್ನಡಿಗೆ ಖರ್ಚು ಮಾಡಿ. ಎಲ್ಲಕ್ಕಿಂತ ಹೆಚ್ಚಾಗಿ ಇಂಥ ಮಗುವಿಗೆ ಇನ್ನೊಂದು ಇಂಥದೇ ಮಗುವಿನ ಸಹವಾಸ ಬೇಕು. ತರಗತಿಯಲ್ಲಿ ಅದು ಒಂಟಿ. ತಾಲ್ಲೂಕಿನಲ್ಲಿ ಅದು ಒಂಟಿಯಲ್ಲ, ನಿಮಗೆ ಪರಸ್ಪರ ಗೊತ್ತಿಲ್ಲ ಅಷ್ಟೆ. ನಾಲ್ಕು ಮನೆಯವರು ಕೂಡಿ ಭಾನುವಾರ ಬೆಳಗ್ಗೆ ಎರಡು ಗಂಟೆ ಮಕ್ಕಳನ್ನು ಒಂದು ಜಗಲಿಯಲ್ಲಿ ಬಿಟ್ಟರೆ, ಪುಸ್ತಕ ಅದಲುಬದಲಾಗುತ್ತದೆ, ಜಗಳವೂ ಆಗುತ್ತದೆ, ಅರ್ಧ ಜಗಳ ಲೆಕ್ಕದ ಬಗ್ಗೆಯೇ ಇರುತ್ತದೆ. ನಿಮಗೆ ವಿಷಯ ಗೊತ್ತಿರಬೇಕಾಗಿಲ್ಲ. “ನನಗೂ ಗೊತ್ತಿಲ್ಲ, ನೀನು ಕಂಡುಕೊಂಡ ಮೇಲೆ ಹೇಳು” ಎಂದರೆ ಸಾಕು, ಆಮೇಲೆ ಅದು ಹೇಳಲು ಬಂದಾಗ ಮೊಬೈಲ್ ಕೆಳಗಿಡಿ.

ಕೊನೆಯದಾಗಿ ಒಂದು ಕೆಲಸ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು. ಅಲ್ಲಿ ಮಕ್ಕಳೇ ಎದ್ದು ನಿಂತು ತಮ್ಮ ಬೇಡಿಕೆ ಹೇಳಬಹುದು, ಅಧ್ಯಕ್ಷರೂ ಪಿಡಿಒ ಅವರೂ ಉತ್ತರ ಕೊಡಬೇಕು. ಸಾಮಾನ್ಯವಾಗಿ ಶೌಚಾಲಯ, ಆಟದ ಮೈದಾನ, ಬಸ್ಸು ಎಂದು ಕೇಳುತ್ತಾರೆ, ಕೇಳಬೇಕಾದ್ದೇ. ಈ ವರ್ಷ ನಿಮ್ಮ ಮಗು ಅರಿವು ಕೇಂದ್ರಕ್ಕೆ ಬೇಕಾದ ಹತ್ತು ಪುಸ್ತಕಗಳ ಹೆಸರು, ಪ್ರಕಾಶಕರು, ಬೆಲೆ ಬರೆದ ಹಾಳೆಯನ್ನು ಕೈಯಲ್ಲಿ ಹಿಡಿದು ಹೋಗಲಿ. ಒಟ್ಟು ಮೊತ್ತವನ್ನೂ ಅದೇ ಕೂಡಿಸಿರಲಿ. ಹಾಳೆಯ ಒಂದು ಪ್ರತಿಗೆ ಪಂಚಾಯಿತಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬರಲು ಹೇಳಿ.

ಇಂತಿ ನಿಮ್ಮವ,
ಒಬ್ಬ ನಿವೃತ್ತ ಪ್ರೌಢಶಾಲಾ ಮೇಷ್ಟ್ರು